ಅರ್ಧ ಮಿಲಿಸೆಕೆಂಡಿಗಾಗಿ ಇಡೀ ಮೈ

ಗಾಲ್ಫ್ ಚೆಂಡಿಗೂ ಕ್ಲಬ್ಬಿನ ತಲೆಗೂ ಆಗುವ ಭೇಟಿ ಸುಮಾರು ಅರ್ಧ ಮಿಲಿಸೆಕೆಂಡಿನದು. ಒಂದು ಸೆಕೆಂಡನ್ನು ಎರಡು ಸಾವಿರ ಚೂರು ಮಾಡಿದರೆ ಅದರಲ್ಲಿ ಒಂದು ಚೂರು. ಅಷ್ಟರಲ್ಲೇ, ಅತಿ ದೂರ ಹೊಡೆಯುವ ಕ್ಲಬ್ಬಾದ ಡ್ರೈವರ್‌ನ ತಲೆ ಚೆಂಡನ್ನು ಒತ್ತಿಕೊಂಡು ಎರಡು ಸೆಂಟಿಮೀಟರ್ ಮುಂದೆ ಸಾಗಿರುತ್ತದೆ, ಚೆಂಡು ಒಂದು ಬದಿಗೆ ಚಪ್ಪಟೆಯಾಗಿ ಮತ್ತೆ ಉಬ್ಬಿ ಹೊರಟೇ ಹೋಗಿರುತ್ತದೆ. ಟೀ ಎಂಬ ಪುಟ್ಟ ಗೂಟದ ಮೇಲೆ ಕದಲದೆ ಕೂತಿದ್ದ, 45.93 ಗ್ರಾಂ ಮೀರಕೂಡದೆಂಬ ನಿಯಮವಿರುವ ಆ ಚೆಂಡು ಅಮೆರಿಕದ ಪಿಜಿಎ ಟೂರ್ ಆಟಗಾರನ ಹೊಡೆತಕ್ಕೆ ಗಂಟೆಗೆ ಸುಮಾರು 270 ಕಿ.ಮೀ. ವೇಗ ಪಡೆಯುತ್ತದೆ. ಕ್ರಿಕೆಟ್‌ನಲ್ಲಿ ದಾಖಲಾದ ಅತಿ ವೇಗದ ಎಸೆತ, 2003ರ ವಿಶ್ವಕಪ್‌ನಲ್ಲಿ ಶೋಯೆಬ್ ಅಖ್ತರ್ ಹಾಕಿದ್ದು, 161.3 ಕಿ.ಮೀ. ಅದೂ ಬೌಂಡರಿಯ ಕಡೆಯಿಂದ ಓಡಿ ಬಂದು ಹಾಕಿದ್ದು. ಗಾಲ್ಫ್ ಆಟಗಾರನದೋ, ನಿಂತಲ್ಲೇ ನಿಂತ ಕೆಲಸ.

ಆ ಅರ್ಧ ಮಿಲಿಸೆಕೆಂಡಿನಲ್ಲಿ ಚೆಂಡಿನ ಮೇಲೆ ಬೀಳುವ ಬಲ ಸರಾಸರಿ 700 ಕಿಲೋ ಭಾರಕ್ಕೆ ಸಮ, ಗರಿಷ್ಠ ಘಟ್ಟದಲ್ಲಿ ಒಂದು ಟನ್ ದಾಟುತ್ತದೆ. ಚೆಂಡಿನ ವೇಗೋತ್ಕರ್ಷ ಭೂಮಿಯ ಗುರುತ್ವದ 15,000 ಪಟ್ಟು. ತಾಗಿತೆಂಬ ಸುದ್ದಿ ಬೆರಳಿನಿಂದ ಮಿದುಳಿಗೆ ಹೋಗಿ, ಅದಕ್ಕೊಂದು ಉತ್ತರ ವಾಪಸು ಬರುವಷ್ಟರಲ್ಲಿ ಚೆಂಡು ಹತ್ತು ಹದಿನೈದು ಮೀಟರ್ ಆಚೆಗಿರುತ್ತದೆ. ಹೊಡೆತದ ಆ ಗಳಿಗೆಯಲ್ಲಿ ಆಟಗಾರ ಸರಿಪಡಿಸಬಹುದಾದದ್ದು ಏನೂ ಇಲ್ಲ. ಮಾಡುವುದನ್ನೆಲ್ಲ ಮೊದಲೇ ಮಾಡಿ ಮುಗಿಸಿರಬೇಕು.

ಇದಕ್ಕೆ ಬೇಕಾಗುವ ಶಕ್ತಿಯ ಲೆಕ್ಕ ನೋಡಿದರೆ ಮಾತ್ರ ನಗು ಬರುತ್ತದೆ. ಡ್ರೈವರ್‌ನ ತಲೆಯ ತೂಕ ಸುಮಾರು 200 ಗ್ರಾಂ, ಚೆಂಡಿಗೆ ತಾಗುವಾಗ ಅದರ ವೇಗ ಸೆಕೆಂಡಿಗೆ 50 ಮೀಟರ್, ಚಲನಶಕ್ತಿ 250 ಜೂಲ್. 25 ಕಿಲೋ ಅಕ್ಕಿ ಮೂಟೆಯನ್ನು ನೆಲದಿಂದ ಒಂದು ಮೀಟರ್ ಎತ್ತುವುದಕ್ಕೂ ಅಷ್ಟೇ ಸಾಕು. ಅದರಲ್ಲೂ ಚೆಂಡಿಗೆ ದಕ್ಕುವುದು ಅರ್ಧದಷ್ಟು. ಕಷ್ಟವೆಲ್ಲ ಇರುವುದು ಸಮಯದಲ್ಲಿ. ಕ್ಲಬ್ ಮೇಲಿನಿಂದ ಇಳಿದು ಚೆಂಡು ಮುಟ್ಟಲು ಕಾಲು ಸೆಕೆಂಡಿಗಿಂತ ಹೆಚ್ಚು ಹಿಡಿಯುವುದಿಲ್ಲ ಎನ್ನಬಹುದು. ಹಾಗಾಗಿ ಆ ಪುಟ್ಟ ತಲೆಯೊಂದಕ್ಕೇ ಸರಾಸರಿ ಒಂದು ಕಿಲೋವಾಟ್, ಅಂದರೆ ಒಂದೂಕಾಲು ಅಶ್ವಶಕ್ತಿಗಿಂತ ಮೇಲೆ, ಹರಿಯಬೇಕು. ತೋಳುಗಳನ್ನು ಬೀಸುವ ಖರ್ಚು ಬೇರೆ. ಬರೀ ತೋಳಿನಿಂದ ಇದು ಆಗದ ಮಾತು. ತೊಡೆ, ಪೃಷ್ಠ, ಬೆನ್ನಿನ ದೊಡ್ಡ ಸ್ನಾಯುಗಳು ಕೆಲಸಕ್ಕಿಳಿಯಬೇಕು, ಅವಕ್ಕೆ ಒದ್ದು ನಿಲ್ಲಲು ನೆಲ ಬೇಕು.

ಹಳೆಯ ಶೈಲಿಯ ಸ್ವಿಂಗ್‌ನಲ್ಲಿ ಮೊದಲು ಕಣ್ಣಿಗೆ ಬೀಳುವುದು ಎಡ ಹಿಮ್ಮಡಿ. ಬಾಬಿ ಜೋನ್ಸ್, ಸ್ಯಾಮ್ ಸ್ನೀಡ್, ಆಮೇಲಿನ ಜ್ಯಾಕ್ ನಿಕ್ಲಾಸ್, ಎಲ್ಲರೂ ಬಲಗೈ ಆಟಗಾರರು. ಕ್ಲಬ್ ಹಿಂದಕ್ಕೆ ಹೋದಂತೆ ಅವರ ಎಡ ಹಿಮ್ಮಡಿ ನೆಲ ಬಿಟ್ಟೇಳುತ್ತಿತ್ತು, ಭಾರ ಬಲಗಾಲಿಗೆ ಸರಿಯುತ್ತಿತ್ತು, ಸೊಂಟ ಧಾರಾಳವಾಗಿ ತಿರುಗುತ್ತಿತ್ತು. ಕ್ಲಬ್ ಮೇಲೆ ಮುಟ್ಟಿ ನಿಲ್ಲುವ ಮೊದಲೇ ಆ ಹಿಮ್ಮಡಿ ಮತ್ತೆ ನೆಲಕ್ಕೂರುತ್ತಿತ್ತು. ಕೈ ಇನ್ನೂ ಹಿಂದಕ್ಕೆ, ಸೊಂಟ ಆಗಲೇ ಮುಂದಕ್ಕೆ. ಇಡೀ ಕಲೆ ಇರುವುದು ಆ ಒಂದು ಚಿಟಿಕೆ ಹೊತ್ತಿನಲ್ಲಿ ಎಂದು ನನಗನ್ನಿಸುತ್ತದೆ. ಸ್ನೀಡ್ ಅಲ್ಲಿ ಮಂಡಿ ಅಗಲಿಸಿ ತುಸು ಕೂತಂತೆ ಮಾಡುತ್ತಿದ್ದರು. ಆ ಸ್ವಿಂಗ್ ಅವರಿಗೆ ಪಿಜಿಎ ಟೂರ್‌ನ 82 ಗೆಲುವು ತಂದಿತು, ಕೊನೆಯದು 1965ರಲ್ಲಿ, ವಯಸ್ಸು 52 ದಾಟಿದ ಮೇಲೆ.

ಕೆಳಗಿಳಿಯುವ ಚಲನೆ ಸೊಂಟದಿಂದಲೇ ಶುರುವಾಗಬೇಕೆಂದು 1957ರ ತಮ್ಮ ಪುಸ್ತಕದಲ್ಲಿ ಒತ್ತಿ ಹೇಳಿದವರು ಅಮೆರಿಕದ ಆಟಗಾರ ಬೆನ್ ಹೋಗನ್. 1949ರ ಫೆಬ್ರವರಿಯಲ್ಲಿ ಟೆಕ್ಸಸ್‌ನ ಮಂಜಿನಲ್ಲಿ ಅವರ ಕಾರಿಗೆ ಬಸ್ಸು ಗುದ್ದಿ ಸೊಂಟದ ಮೂಳೆ ಎರಡು ಕಡೆ ಮುರಿದಿತ್ತು. ಹದಿನಾರು ತಿಂಗಳ ನಂತರ ಅದೇ ಸೊಂಟ ತಿರುಗಿಸಿಕೊಂಡು ಅವರು ಯುಎಸ್ ಓಪನ್ ಗೆದ್ದರು.

ಕ್ಲಬ್ ಕೆಳಗಿಳಿಯುವಾಗ ಸೊಂಟದ ತಿರುಗುವಿಕೆ ಸೆಕೆಂಡಿಗೆ 400–500 ಡಿಗ್ರಿ ಮುಟ್ಟಿ ಇಳಿಯತೊಡಗುತ್ತದೆ. ಎದೆ 700ರ ಆಸುಪಾಸಿಗೆ ಏರಿ ಇಳಿಯುತ್ತದೆ, ತೋಳು ಸಾವಿರದ ಹತ್ತಿರ. ಕಡೆಗೆ ಕ್ಲಬ್ 2,000 ದಾಟುತ್ತದೆ. ನಂಬಲು ಕಷ್ಟವಾಗುವುದು ಆ ಇಳಿಕೆ. ಚೆಂಡು ಹತ್ತಿರವಾದಂತೆ ಕೈಗಳ ವೇಗ ಕಡಿಮೆಯಾಗುತ್ತದೆ, ಅವು ಕಳೆದುಕೊಂಡದ್ದು ಕ್ಲಬ್ಬಿನ ತುದಿ ಸೇರುತ್ತದೆ. ಬ್ರಿಟನ್ನಿನ ಅಲಸ್ಟೇರ್ ಕೊಕ್ರನ್ ಮತ್ತು ಜಾನ್ ಸ್ಟಾಬ್ಸ್ 1968ರಲ್ಲೇ ಇದನ್ನು ಒಂದಕ್ಕೊಂದು ಕೀಲಿಸಿದ ಎರಡು ಲೋಲಕಗಳ ಲೆಕ್ಕವಾಗಿ ಬಿಡಿಸಿ ತೋರಿಸಿದರು. ಕೊನೆಯಲ್ಲಿ ಕ್ಲಬ್ಬಿನ ತಲೆ ಸುಮಾರು 40 ಕಿಲೋ ಭಾರದಷ್ಟು ಬಲದಿಂದ ಆಟಗಾರನನ್ನು ಹೊರಗೆಳೆಯುತ್ತದೆ. 200 ಗ್ರಾಂ ತೂಕದ್ದು ಹೀಗೆ ಎಳೆಯುವಾಗ ಕಾಲು ಊರಿರದಿದ್ದರೆ ಮನುಷ್ಯ ಮುಗ್ಗರಿಸುತ್ತಾನೆ.

ತರಬೇತುದಾರರು ಸದಾ ಕೂಗುವ ‘ವೆಯ್ಟ್ ಶಿಫ್ಟ್’ ಎಂಬುದನ್ನು, ಅಂದರೆ ಭಾರದ ವರ್ಗಾವಣೆಯನ್ನು, ಆಟಗಾರನನ್ನು ಪಾದದ ಒತ್ತಡ ಅಳೆಯುವ ಫೋರ್ಸ್ ಪ್ಲೇಟ್ ಮೇಲೆ ನಿಲ್ಲಿಸಿ ಅಳೆದರೆ ಕತೆ ಬೇರೆಯಾಗುತ್ತದೆ. ದೇಹ ಪಕ್ಕಕ್ಕೆ ಸರಿಯುವುದು ಸ್ವಲ್ಪವೇ, ಪಾದದಡಿಯ ಒತ್ತಡ ಓಡಾಡುವುದು ಬಹಳ. ಎಡಗಾಲು ಚಾಚಿ ನೆಟ್ಟಗಾಗುವಾಗ 70 ಕಿಲೋ ಆಟಗಾರ ನೆಲವನ್ನು ನೂರು ಕಿಲೋಗೂ ಮೀರಿ ಒತ್ತುತ್ತಾನೆ. ಜಸ್ಟಿನ್ ಥಾಮಸ್, ಲೆಕ್ಸಿ ಥಾಂಪ್ಸನ್ ಅವರ ಹಿಮ್ಮಡಿಗಳು ಹೊಡೆತದ ಹೊತ್ತಿಗೆ ಗಾಳಿಯಲ್ಲಿರುವುದು ಆ ಒದೆತದಿಂದಲೇ. 2007ರಲ್ಲಿ ಸಂಶೋಧಕರಾದ ಕೆವಿನ್ ಬಾಲ್ ಮತ್ತು ರಸೆಲ್ ಬೆಸ್ಟ್ ಇನ್ನೂ ಒಂದು ಗಂಟು ಹಾಕಿದರು: ಕೆಲವರ ಒತ್ತಡ ಕೊನೆಯವರೆಗೂ ಮುಂದಿನ ಕಾಲಿನತ್ತ ಹೋಗುತ್ತದೆ, ಕೆಲವರದು ಚೆಂಡು ತಾಗುವ ಹೊತ್ತಿಗೆ ಹಿಂದಕ್ಕೆ ಮರಳುತ್ತದೆ, ನುರಿತವರು ಎರಡೂ ಗುಂಪಿನಲ್ಲಿದ್ದಾರೆ. ಕೂಗುವವರು ತುಸು ಮೆತ್ತಗೆ ಕೂಗಬಹುದು.

ಇಷ್ಟೆಲ್ಲ ಆದರೂ ದಿಕ್ಕು ತಪ್ಪಿದರೆ ಉಪಯೋಗವಿಲ್ಲ. ಚೆಂಡು ಒಂದು ಡಿಗ್ರಿ ಪಕ್ಕಕ್ಕೆ ಹೊರಟರೆ 250 ಮೀಟರ್ ದೂರದಲ್ಲಿ ನಾಲ್ಕು ಮೀಟರ್ ಆಚೆ ಬೀಳುತ್ತದೆ. ಚೆಂಡಿಗೆ ತಾಗಿರುವ ಅರ್ಧ ಮಿಲಿಸೆಕೆಂಡಿನಲ್ಲಿ ಕ್ಲಬ್ ತಿರುಗುವುದೂ ಸುಮಾರು ಒಂದು ಡಿಗ್ರಿಯೇ. ದೂರವೊಂದೇ ಆಟವಲ್ಲ: ಬೆಂಗಳೂರಿನ ಅದಿತಿ ಅಶೋಕ್ ದೂರ ಹೊಡೆಯುವವರ ಸಾಲಿನವರಲ್ಲ. ವಿಶ್ವ ಶ್ರೇಯಾಂಕ 200 ಇದ್ದಾಗ, 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ತಮಗಿಂತ ಎಷ್ಟೋ ಗಜ ಮುಂದೆ ಹೊಡೆಯುವವರ ನಡುವೆ ನಾಲ್ಕನೆಯವರಾದರು. ಪದಕಕ್ಕೂ ಅವರಿಗೂ ನಡುವೆ ಇದ್ದದ್ದು ಒಂದು ಹೊಡೆತ.

ನೆಲವನ್ನು ಒದೆಯಲಾಗದೆ, ಮೈ ತಿರುಗಿಸಲಾಗದೆ ಹೊಡೆದರೆ ಏನಾಗುತ್ತದೆ ಎಂಬುದಕ್ಕೂ ಒಂದು ದಾಖಲೆಯಿದೆ. 1971ರ ಫೆಬ್ರವರಿ 6ರಂದು ಅಪೊಲೊ 14ರ ಅಲನ್ ಶೆಪರ್ಡ್ ಚಂದ್ರನ ಮೇಲೆ ಎರಡು ಗಾಲ್ಫ್ ಚೆಂಡು ಹೊಡೆದರು. ಬಿಗಿಯಾದ ಅಂತರಿಕ್ಷ ಪೋಷಾಕಿನಲ್ಲಿ ಎರಡೂ ಕೈ ಕೂಡಿಸಲಾಗದೆ ಒಂಟಿ ಕೈಯಲ್ಲೇ ಬೀಸಿದರು. ಗಾಳಿಯ ತಡೆ ಇಲ್ಲ, ಗುರುತ್ವ ಇಲ್ಲಿನ ಆರನೇ ಒಂದು ಭಾಗ. ಚೆಂಡು ಮೈಲಿಗಟ್ಟಲೆ ಹೋಯಿತೆಂದು ಅವರು ಖುಷಿಯಿಂದ ಹೇಳಿದ್ದನ್ನು ಐವತ್ತು ವರ್ಷ ಜಗತ್ತು ನಗುತ್ತಲೇ ಕೇಳಿತು. 2021ರಲ್ಲಿ ಆಂಡಿ ಸಾಂಡರ್ಸ್ ಎಂಬ ಬ್ರಿಟಿಷ್ ಚಿತ್ರತಜ್ಞರು ಹಳೆಯ ಫಿಲ್ಮ್‌ಗಳನ್ನು ತಿದ್ದಿ ತೀಡಿ ಚೆಂಡುಗಳನ್ನು ಗುರುತಿಸಿ ಅಳೆದರು. ಮೊದಲನೆಯದು 24 ಗಜ ಹೋಗಿತ್ತು, ಎರಡನೆಯದು 40.