ಹಾನಗಲ್ಲಿನ ವೀರಗಲ್ಲೂ ಓಡಿನ್ನನ ಅರಮನೆಯೂ

ಬಿ.ಎ. ತರಗತಿಯಲ್ಲಿ ಶಾಸನಸಾಹಿತ್ಯವನ್ನು ಪಾಠ ಹೇಳುತ್ತಿದ್ದಾಗ ವಿದ್ಯಾರ್ಥಿಯೊಬ್ಬನು ಎದ್ದುನಿಂತು, ಸುತ್ತಿಗೆ ಹಿಡಿದ ಥಾರ್ ಎಂಬ ದೇವರನ್ನು ಕುರಿತು ಕೇಳಿದನು. ಚಲಚಿತ್ರದಲ್ಲಿ ನೋಡಿದ್ದನಂತೆ. ಸಿಡಿಲಿನ ದೇವತೆ, ವಜ್ರಾಯುಧದ ನಮ್ಮ ಇಂದ್ರನ ದೂರದ ದಾಯಾದಿ ಎಂದು ಹೇಳಿ ಪಾಠವನ್ನು ಮುಂದುವರಿಸಬಹುದಾಗಿತ್ತು. ಆದರೆ ನಾರ್ವೆ, ಐಸ್‌ಲೆಂಡುಗಳ ಆ ಪುರಾಣದಲ್ಲಿ ನಮ್ಮ ಸೀಮೆಯವರಿಗೆ ಥಾರನಿಗಿಂತಲೂ ಹತ್ತಿರದವನು ಅವನ ತಂದೆ, ಒಕ್ಕಣ್ಣಿನ ಓಡಿನ್. ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಕಣ್ಣಿಗೆ ತೋರಿಸುವುದೇ ಮೇಲೆಂದು, ಒಂದು ಭಾನುವಾರ ಹುಡುಗರನ್ನೆಲ್ಲ ಹಾನಗಲ್ಲಿಗೆ ಕರೆದುಕೊಂಡು ಹೋದೆ.

ಹಾನಗಲ್ಲು ವಿರಾಟನ ನಗರವೆಂದು ಜನ ನಂಬಿದ್ದಾರೆ. ಕೀಚಕನ ಹೆಸರಿನ ದಿಬ್ಬವನ್ನೂ ತೋರಿಸುತ್ತಾರೆ. ಗೋಗ್ರಹಣದ ಕಥೆ ನಡೆದ ಊರೆನ್ನುವಲ್ಲಿ ತುರುಗಾಳಗದ ವೀರರನ್ನು ನೆನೆಯುವುದು ಉಚಿತವೇ ಸರಿ. ತಾರಕೇಶ್ವರ ಗುಡಿಯ ಕಮಲದ ಭುವನೇಶ್ವರಿಯನ್ನು ನೋಡಿ ಬೆರಗಾದ ಹುಡುಗರನ್ನು ವೀರಗಲ್ಲುಗಳ ಮುಂದೆ ನಿಲ್ಲಿಸಿದೆ. ಕಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಪಟ್ಟಿಕೆಯಲ್ಲಿ ಕಾಳಗ, ನಡುವೆ ಮಡಿದ ವೀರನನ್ನು ಇಕ್ಕೆಲದಲ್ಲಿ ಹಿಡಿದೆತ್ತುವ ಅಪ್ಸರೆಯರು, ಮೇಲೆ ಕೈಲಾಸದಲ್ಲಿ ಶಿವಲಿಂಗದ ಸನ್ನಿಧಿ, ತುದಿಯಲ್ಲಿ ಸೂರ್ಯಚಂದ್ರರು. 1196ರಲ್ಲಿ ಹೊಯ್ಸಳ ವೀರಬಲ್ಲಾಳನು ಆನೆಕೆರೆಯ ಬಳಿ ಬೀಡುಬಿಟ್ಟು ಈ ಊರನ್ನು ಮುತ್ತಿದಾಗ, ಕದಂಬ ಕಾಮದೇವನ ಸೇನಾನಿ ಸೋಹಣಿ ಮುತ್ತಿಗೆಯನ್ನು ಮುರಿದು ತಾನೂ ಮಡಿದನು.

ಅದೇ ಕಾಲದಲ್ಲಿ ಐಸ್‌ಲೆಂಡಿನಲ್ಲಿ ಸ್ನೋರಿ ಸ್ಟುರ್ಲುಸನ್ ಎಂಬ ಹದಿಹರೆಯದ ಹುಡುಗನಿದ್ದನು. ಮುಂದೆ ತನ್ನ ನಾಡಿನ ಹಳೆಯ ದೇವತೆಗಳ ಕಥೆಗಳನ್ನು 'ಎಡ್ಡ'ದಲ್ಲಿ ಬರೆದಿಟ್ಟವನು ಅವನೇ. ಆ ಕಥೆಗಳಲ್ಲಿ ವಾಲ್ಕಿರಿಯರೆಂಬ ಕನ್ಯೆಯರು ರಣರಂಗದಲ್ಲಿ ಸಾಯತಕ್ಕವರನ್ನು ಆರಿಸಿ, ಓಡಿನ್ನನ ವಾಲ್ಹಲ್ಲ ಎಂಬ ಅರಮನೆಗೆ ಒಯ್ಯುತ್ತಾರೆ. ಗಾಟ್‌ಲೆಂಡ್ ದ್ವೀಪದ ಚಿತ್ರಶಿಲೆಗಳಲ್ಲಿ ಎಂಟು ಕಾಲಿನ ಕುದುರೆಯೇರಿ ಬರುವ ಸವಾರನಿದ್ದಾನೆ. ಪಾನದ ಕೊಂಬನ್ನು ನೀಡಿ ಎದುರುಗೊಳ್ಳುವ ಹೆಣ್ಣಿದ್ದಾಳೆ. ನಮ್ಮ ಅಪ್ಸರೆಗೆ ಅವಳು ಅಕ್ಕನೊ ತಂಗಿಯೊ!

ವಾಲ್ಹಲ್ಲಕ್ಕೆ 540 ಬಾಗಿಲುಗಳು; ಒಂದೊಂದರಿಂದ 800 ವೀರರು ಹೊರಡುತ್ತಾರೆಂದು ಹಳೆಯ ಕಾವ್ಯ ಹೇಳುತ್ತದೆ. ಗುಣಿಸಿದರೆ 4,32,000, ನಮ್ಮ ಕಲಿಯುಗದ ವರ್ಷಗಳೂ ಅಷ್ಟೇ. ಹುಡುಗರು ಹೋ ಎಂದರು. ಆ ಜನರ ಹಳೆಯ 'ನೂರು' ನೂರಿಪ್ಪತ್ತಾಗಿರಬಹುದಾದ್ದರಿಂದ ಲೆಕ್ಕ ಕೆಡುತ್ತದೆಂದು ನಾನೇ ಅವರ ಉತ್ಸಾಹಕ್ಕೆ ತಣ್ಣೀರೆರಚಿದೆ. ಭೇದವೇ ಸಾಮ್ಯಕ್ಕಿಂತ ದೊಡ್ಡದು. ನಮ್ಮ ವೀರನು ಕೈಲಾಸ ಸೇರಿದೊಡನೆ ಕಾಳಗ ಮುಗಿಯಿತು. ಅಲ್ಲಿಯವರು ಹಗಲೆಲ್ಲ ಹೊಡೆದಾಡಿ, ಸಂಜೆ ಮತ್ತೆ ಎದ್ದು ಊಟಕ್ಕೆ ಕೂರಬೇಕು. ಕಡೆಗೆ ರಾಗ್ನರಾಕ್ ಎಂಬ ಮಹಾಯುದ್ಧದಲ್ಲಿ ಓಡಿನ್ನನನ್ನೇ ಫೆನ್ರಿರ್ ಎಂಬ ತೋಳ ನುಂಗುತ್ತದೆ. ಸೋಲು ಖಚಿತವೆಂದು ತಿಳಿದೂ ಸೈನ್ಯ ಕೂಡಿಸುವ ದೇವರು ನಮ್ಮ ಪುರಾಣದಲ್ಲಿ ನನಗಂತೂ ಕಂಡಿಲ್ಲ.

ಓಡಿನ್ ರೂನ್ ಲಿಪಿಯ ರಹಸ್ಯಕ್ಕಾಗಿ ಈಟಿಯಿಂದ ತಿವಿಸಿಕೊಂಡು, ಮರದಲ್ಲಿ ಒಂಬತ್ತು ರಾತ್ರಿ ನೇತಾಡಿ, ತನ್ನನ್ನು ತನಗೇ ಬಲಿಕೊಟ್ಟುಕೊಂಡನು. ಹಿರೇಕೆರೂರು ಸೀಮೆಯ ಅಬಲೂರಿನ ಶಾಸನದಲ್ಲಿ ಏಕಾಂತದ ರಾಮಯ್ಯನು ತಲೆಯನ್ನರಿದು ಶಿವನಿಗೊಪ್ಪಿಸಿ ಏಳನೆಯ ದಿನ ಮರಳಿ ಪಡೆಯುತ್ತಾನೆ. ಅವನನ್ನು ಮನ್ನಿಸಿ ದತ್ತಿ ಕೊಟ್ಟವರಲ್ಲಿ ಈ ಕಾಮದೇವನೂ ಒಬ್ಬ. ಪವಾಡ ದೊಡ್ಡದು, ಆದರೆ ಪಣದಲ್ಲಿ ಸೋತವರ ಬಸದಿಗೆ ಒದಗಿದ ಗತಿಯನ್ನು ಓದುವಾಗ, ಪಂಪನನ್ನು ಪಾಠ ಹೇಳುವ ನನ್ನ ದನಿ ಇಳಿಯುತ್ತದೆ.

ಅಷ್ಟರಲ್ಲಿ, ಶಿಗ್ಗಾವಿ ಕಡೆಯ ಹುಡುಗಿಯೊಬ್ಬಳು ಮೆಲ್ಲಗೆ ಕೇಳಿದಳು: "ಸರ್, ಹಾಸಿಗೆಯಲ್ಲಿ ಸತ್ತವರು ಎಲ್ಲಿಗೆ ಹೋಗ್ತಾರ್ರಿ?"

ಅವಳ ತಂದೆ ಹೊಲದಲ್ಲಿ ದುಡಿದು, ಆರು ತಿಂಗಳು ಮಲಗಿ ತೀರಿಕೊಂಡಿದ್ದರು. ಪುಸ್ತಕದ ಉತ್ತರ ನನಗೆ ಗೊತ್ತಿತ್ತು. ಬೇನೆಯಿಂದ, ಮುಪ್ಪಿನಿಂದ ಸತ್ತವರಿಗೆ ಹೆಲ್ ಎಂಬ ದೇವಿಯ ಚಳಿನಾಡು. ಎಲ್ಲರ ಮುದ್ದಿನ ಬಾಲ್ಡರನೂ ಅಲ್ಲಿಗೇ ಹೋದನು. ಅದನ್ನು ಹೇಳಲು ಬಾಯಿ ಬರಲಿಲ್ಲ. ನಮ್ಮ ಕಲ್ಲಿನಲ್ಲಿಯೂ ಅವಳ ತಂದೆಗೆ ಪಟ್ಟಿಕೆಯಿರಲಿಲ್ಲ. ನಿನ್ನ ತಾಲ್ಲೂಕಿನ ಬಾಡದ ನಾಯಕನು ಯುದ್ಧದಲ್ಲಿ ಗಾಯಗೊಂಡು ಬದುಕಿ, ಕತ್ತಿಯನ್ನಿಟ್ಟು ಕನಕದಾಸರಾದರೆಂಬ ಐತಿಹ್ಯವಿದೆಯಲ್ಲ, ಅವರನ್ನು ನಾವು ಕತ್ತಿಗಾಗಿ ನೆನೆಯುವುದಿಲ್ಲ ಎಂದೆ. ಅವಳು ತಲೆಯಾಡಿಸಿದಳು, ಒಪ್ಪಿದಳೆಂದು ನನಗೆ ತೋರಲಿಲ್ಲ.

ಹಿಂದಿರುಗುವಾಗ ಸವಣೂರಿನ ದೊಡ್ಡಹುಣಸೆ ಕಲ್ಮಠಕ್ಕೆ ಹೋದೆವು. ಅಲ್ಲಿಯ ಆಫ್ರಿಕ ಮೂಲದ ಮೂರು ಮಹಾವೃಕ್ಷಗಳಲ್ಲಿ ಒಂದು 2023ರ ಮಳೆಗಾಲದಲ್ಲಿ ಉರುಳಿತ್ತು. ಜನ ಅದನ್ನು ಎತ್ತಿ ಮತ್ತೆ ನೆಟ್ಟರು. ಓಡಿನ್ನನ ಲೋಕವನ್ನು ಹೊತ್ತ ಇಗ್‌ಡ್ರಸಿಲ್ ಮರದ ಬೇರನ್ನು ನಿಡ್‌ಹಾಗ್ ಎಂಬ ಸರ್ಪ ಸದಾ ಕಡಿಯುತ್ತಿರುತ್ತದೆಂದು ಹೇಳಲು ತೊಡಗಿದೆ. ಆ ಹುಡುಗಿ ಕೇಳುತ್ತಿರಲಿಲ್ಲ. ಬಿದ್ದೆದ್ದ ಮರದ ಬುಡದಲ್ಲಿ ಕುಳಿತು, ಅದಕ್ಕೆ ನೀರು ಹಾಕುವವರು ಯಾರೆಂದು ಯಾರನ್ನೊ ವಿಚಾರಿಸುತ್ತಿದ್ದಳು.