ಮಾತೃಭಾಷೆಯ ರೂಢಿ ಮತ್ತು ಇಂಗ್ಲಿಷ್ ಉಚ್ಚಾರಣೆ

ಪರಭಾಷೆಯನ್ನು ಕಲಿಯಲು ಹೊರಟವನು ಮಾತೃಭಾಷೆಯು ತಿದ್ದಿ ತೀಡಿದ ಕಿವಿಯನ್ನೂ ನಾಲಗೆಯನ್ನೂ ಜೊತೆಯಲ್ಲಿಯೇ ತಂದಿರುತ್ತಾನೆ. ಈ ಸಂಗತಿಯನ್ನು ಮರೆತಾಗ 'ಬಸ್ಸು', 'ಇಸ್ಕೂಲು' ಎಂದ ಹಳ್ಳಿಯ ಬಾಲಕನು ತರಗತಿಯಲ್ಲಿ ನಗೆಪಾಟಲಿಗೀಡಾಗುತ್ತಾನೆ. ಒಮ್ಮೆ ನಾಚಿದ ಮಗು ಮತ್ತೆ ಬಾಯಿ ತೆರೆಯಲು ಅಂಜುತ್ತದೆ. ಆದುದರಿಂದ ಇಂತಹ ಉಚ್ಚಾರಣೆಯ ಕಾರಣವನ್ನು ವಿಚಾರಿಸುವುದು ಅವಶ್ಯವಾಗಿದೆ.

ಹೊಸಗನ್ನಡದ ಪದಗಳು ಬಹುಮಟ್ಟಿಗೆ ಸ್ವರಾಂತಗಳು. ಹಳಗನ್ನಡದ 'ಕಣ್', 'ಪಾಲ್' ಎಂಬವು 'ಕಣ್ಣು', 'ಹಾಲು' ಎಂದಾದವು. ಸಂಸ್ಕೃತದ 'ದಿಕ್', 'ಸಂಪತ್', 'ತೇಜಸ್' ಎಂಬವು 'ದಿಕ್ಕು', 'ಸಂಪತ್ತು', 'ತೇಜಸ್ಸು' ಎಂದಾದವು. ಅದೇ ನಿಯಮವೇ 'ಬಸ್', 'ಬ್ಯಾಂಕ್' ಪದಗಳಿಗೂ ಉಕಾರವನ್ನು ಕೂಡಿಸಿದೆ. ಸಂಸ್ಕೃತ ಪದಗಳು ಕನ್ನಡದಲ್ಲಿ ಹೊಂದುವ ವಿಕಾರಗಳಿಗಾಗಿ 13ನೆಯ ಶತಮಾನದ ಕೇಶಿರಾಜನು 'ಶಬ್ದಮಣಿದರ್ಪಣ'ದಲ್ಲಿ ಒಂದು ಪ್ರಕರಣವನ್ನೇ ಮೀಸಲಿಟ್ಟನು. 'ದಿಕ್ಕು' ಎನ್ನುವ ಪಂಡಿತನು 'ಬಸ್ಸು' ಎನ್ನುವವನನ್ನು ಕಂಡು ನಗುವುದು ಯುಕ್ತವಲ್ಲ.

ಧ್ವನಿಗಳ ವಿಷಯವೂ ಹೀಗೆಯೇ. ಕನ್ನಡದ ತಕಾರದಲ್ಲಿ ನಾಲಗೆಯ ತುದಿ ಹಲ್ಲನ್ನು ಮುಟ್ಟುತ್ತದೆ. ಟಕಾರದಲ್ಲಿ ಹಿಂದಕ್ಕೆ ಮಡಿಚಿ ಅಂಗುಳನ್ನು ಮುಟ್ಟುತ್ತದೆ. 'ಟೇಬಲ್' ಪದದ ಇಂಗ್ಲಿಷ್ ಧ್ವನಿ ಇವೆರಡರ ನಡುವೆ, ಹಲ್ಲಿನ ಒಸಡಿನಲ್ಲಿ ಹುಟ್ಟುತ್ತದೆ. ಕನ್ನಡದ ಕಿವಿ ಅದನ್ನು ಟಕಾರವೆಂದೇ ಗ್ರಹಿಸುತ್ತದೆ. ದ್ರಾಕ್ಷಿಯ ಬಳ್ಳಿಗೂ ದ್ರಾಕ್ಷಿಯ ಮದ್ಯಕ್ಕೂ ಇಂಗ್ಲಿಷಿನಲ್ಲಿ ಬೇರೆ ಬೇರೆ ಆದ್ಯಕ್ಷರಗಳುಂಟು. ಕನ್ನಡಿಗನಿಗೆ ಎರಡೂ 'ವೈನ್'. ಮೊದಲನೆಯದರಲ್ಲಿ ಕೆಳದುಟಿ ಮೇಲುಹಲ್ಲನ್ನು ತಾಗಬೇಕು. ಎರಡನೆಯದರಲ್ಲಿ ಹಲ್ಲನ್ನು ತಾಗದೆ ತುಟಿಗಳು ದುಂಡಾಗಬೇಕು. ಕನ್ನಡದಲ್ಲಿ ಇರುವುದು ಒಂದೇ ವಕಾರವಾದುದರಿಂದ ಈ ಭೇದವು ಕಿವಿಗೆ ಬೀಳುವುದಿಲ್ಲ. ಇನ್ನು ಇಂಗ್ಲಿಷಿನಲ್ಲಿ ಪದದ ಒಂದು ಭಾಗದ ಮೇಲೆ ಬಲವಾದ ಒತ್ತು ಬೀಳುತ್ತದೆ. 'ಫೋಟೋಗ್ರಾಫ್' ಎಂಬಲ್ಲಿ ಮೊದಲ ಅಕ್ಷರದ ಮೇಲಿರುವ ಒತ್ತು, 'ಫೊಟಾಗ್ರಫರ್' ಎಂಬಲ್ಲಿ ಎರಡನೆಯದಕ್ಕೆ ಸರಿಯುತ್ತದೆ. ಹ್ರಸ್ವ ದೀರ್ಘಗಳನ್ನೇ ಎಣಿಸಿ ಬಲ್ಲ ಕನ್ನಡಿಗನಿಗೆ ಈ ಪದ್ಧತಿ ಹೊಸದು.

ಇದು ಕನ್ನಡಿಗರೊಬ್ಬರ ದೌರ್ಬಲ್ಯವೇನೂ ಅಲ್ಲ. ಆಂಗ್ಲರ ಬಾಯಲ್ಲಿ ಮಡಿಕೇರಿಯು 'ಮರ್ಕೇರಾ' ಆಯಿತು; ದ್ವಿತ್ವವನ್ನೂ ಳಕಾರವನ್ನೂ ಅರಿಯದ ಆ ನಾಲಗೆಯಲ್ಲಿ ಹುಬ್ಬಳ್ಳಿಯು 'ಹುಬ್ಲಿ' ಆಯಿತು. ಇಂಗ್ಲಿಷಿನಲ್ಲಿಯೂ ಹುಬ್ಬಳ್ಳಿ ಎಂದೇ ಬರೆಯಬೇಕೆಂಬ ಬದಲಾವಣೆ ಅಧಿಕೃತವಾದುದು 2014ರ ನವೆಂಬರ್ 1ರಂದು.

ಅಧ್ಯಾಪಕನ ಕರ್ತವ್ಯ ಇಲ್ಲಿ ಸ್ಪಷ್ಟವಾಗಿದೆ. ಮೊದಲು ಎರಡು ಧ್ವನಿಗಳ ಭೇದವನ್ನು ಕಿವಿಗೆ ಕೇಳಿಸಬೇಕು; ಬಳಿಕ ತುಟಿ ನಾಲಗೆಗಳ ಸ್ಥಾನವನ್ನು ಕನ್ನಡಿಯಲ್ಲಿ ತೋರಿಸಬೇಕು; ಅನಂತರ ಅಭ್ಯಾಸ ಮಾಡಿಸಬೇಕು. ಕೇಳುವವರಿಗೆ ಅರ್ಥವಾಗುವಂತೆ ನುಡಿದರೆ ಸಾಕು, ಆಂಗ್ಲನಂತೆಯೇ ನುಡಿಯಬೇಕಾಗಿಲ್ಲ. ನಾಲಗೆಯ ರೂಢಿಯನ್ನು ಬುದ್ಧಿಯ ಕೊರತೆಯೆಂದು ಎಣಿಸದ ಗುರುವಿನ ಮುಂದೆ ಮಗು ನಿರ್ಭಯವಾಗಿ ಮಾತನಾಡುತ್ತದೆ, ಮಾತನಾಡುತ್ತ ಕಲಿಯುತ್ತದೆ.