ಲಗಾಮು ಹೆಣ್ಣಿನ ಕೈಗೆ ಬಂದಾಗ

ಸೋದರಿಯರೇ, ಕುದುರೆ ಎಂದೊಡನೆ ನಿಮಗೆ ಯಾರು ನೆನಪಾಗುತ್ತಾರೆ? ಯಾದಗಿರಿ, ಶಹಾಪುರ, ಸುರಪುರದ ಕಡೆಯವರಾದರೆ ಸಂಕ್ರಾಂತಿ ಜಾತ್ರೆಯ ಮೈಲಾಪುರದ ಮಲ್ಲಯ್ಯನೇ ಸೈ! ಕೆಲವು ಪಟಗಳಲ್ಲಿ ಅದೇ ಕುದುರೆಯ ಮೇಲೆ ದೇವಿಯೂ ಕುಳಿತಿರುತ್ತಾಳೆ. ಆದರೆ ಲಗಾಮು ಯಾರ ಕೈಯಲ್ಲಿದೆ, ಒಮ್ಮೆ ನೋಡ್ರಿ.

"ಹೆಣ್ಮಕ್ಕಳಿಗ್ಯಾಕವ್ವಾ ಕುದುರಿ ಸವಾರಿ, ಬಿದ್ದು ಕೈಕಾಲು ಮುರಕೊಂಡ್ರ?" ಎನ್ನುವ ಮಾತು ನಮ್ಮಲ್ಲಷ್ಟೇ ಅಲ್ಲ, ಒಲಿಂಪಿಕ್ಸ್‌ನಲ್ಲೂ ಇತ್ತು. ಅಲ್ಲಿ 'ಇವೆಂಟಿಂಗ್' ಎಂಬ ಕುದುರೆ ಸ್ಪರ್ಧೆ ಇದೆ. ಮೊದಲಿಗೆ ಇದು ಸೈನ್ಯದ ಅಧಿಕಾರಿಗಳದ್ದೇ ಆಗಿತ್ತು. ಆಮೇಲೆ ಇತರ ಗಂಡಸರಿಗೂ ಬಾಗಿಲು ತೆರೆಯಿತು. ಹೆಂಗಸರು 1964ರವರೆಗೆ ಕಾಯಬೇಕಾಯಿತು.

ಈ ಸ್ಪರ್ಧೆಯಲ್ಲಿ ಸವಾರರಿಗೂ ಕುದುರೆಗೂ ಒಟ್ಟಿಗೆ ಮೂರು ಪರೀಕ್ಷೆ. ಮೊದಲನೆಯದು ಡ್ರೆಸಾಜ್: ಹೇಳಿದಂತೆ ಹೆಜ್ಜೆ ಹಾಕುವುದು. ಎರಡನೆಯದು ಕ್ರಾಸ್ ಕಂಟ್ರಿ: ದಿಮ್ಮಿ, ಹಳ್ಳ, ನೀರು ಎಲ್ಲವನ್ನೂ ಹಾರಿ ಗೊತ್ತಾದ ಸಮಯದೊಳಗೆ ಮುಟ್ಟಬೇಕು. ಮೂರನೆಯದು ಅಂಗಳದಲ್ಲಿ ಅಡ್ಡಗೋಲು ಬೀಳಿಸದೆ ಹಾರುವುದು. ಲೆಕ್ಕ ಹಾಕುವುದು ತಪ್ಪಿನದು. ಗೋಲು ಬಿದ್ದರೆ 4, ಕ್ರಾಸ್ ಕಂಟ್ರಿಯಲ್ಲಿ ಒಂದು ಸೆಕೆಂಡು ತಡವಾದರೆ 0.4. ಕಡಿಮೆ ತಪ್ಪಿದ್ದವರೇ ಗೆದ್ದಂತೆ. ಕೊನೆಯ ಹಾರಾಟಕ್ಕೆ ಮುಂಚೆ ಕುದುರೆಯನ್ನು ಪರೀಕ್ಷಿಸುತ್ತಾರೆ. ಅದು ಕುಂಟಿದರೆ ಸವಾರ ಎಷ್ಟೇ ಗಟ್ಟಿಗನಾದರೂ ಆಟ ಮುಗಿಯಿತು!

1964ರ ಟೋಕಿಯೋದಲ್ಲಿ ಈ ಸ್ಪರ್ಧೆಗೆ ಇಳಿದ ಮೊದಲ ಹೆಣ್ಣು ಅಮೆರಿಕದ ಲಾನಾ ಡುಪಾಂಟ್. ಕುದುರೆ ಸಮೇತ ಎರಡು ಸಲ ಬಿದ್ದಳು. ಎದ್ದು ಮತ್ತೆ ಏರಿ ಗುರಿ ಮುಟ್ಟಿದಳು, ತಂಡಕ್ಕೆ ಬೆಳ್ಳಿ ಬಂತು. ಇಂದಾದರೆ ಸವಾರರು ಒಮ್ಮೆ ಬಿದ್ದರೂ ಸ್ಪರ್ಧೆಯಿಂದ ಹೊರಗೆ. ಗಮನಿಸಿದಿರಾ? ಅಪಾಯ ಇದೆಯೆಂದು ಹೆಣ್ಣನ್ನು ಮತ್ತೆ ಮನೆಗೆ ಕಳಿಸಲಿಲ್ಲ. ಎಲ್ಲರಿಗೂ ಒಂದೇ ಬಿಗಿ ನಿಯಮ ತಂದರು. ಹಾಗಿದ್ದರೂ ಅಪಾಯ ಪೂರ್ತಿ ಹೋಗಿಲ್ಲ. 2021ರಲ್ಲಿ ಗಾಯಗೊಂಡ ಸ್ವಿಟ್ಜರ್ಲೆಂಡಿನ ಒಂದು ಕುದುರೆಗೆ ದಯಾಮರಣ ಕೊಡಬೇಕಾಯಿತು.

ಆ 2021ರ ಒಲಿಂಪಿಕ್ಸ್ ನಡೆದದ್ದೂ ಟೋಕಿಯೋದಲ್ಲೇ. ನಮ್ಮ ಬೆಂಗಳೂರಿನ ಫವಾದ್ ಮಿರ್ಜಾ ಅಲ್ಲಿದ್ದರು. ಅವರ ತಂದೆ ಪಶುವೈದ್ಯರು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ಫವಾದ್ ಒಂಟಿಯಾಗಿ ಒಂದು, ತಂಡದೊಂದಿಗೆ ಒಂದು, ಹೀಗೆ ಎರಡು ಬೆಳ್ಳಿ ಗೆದ್ದಿದ್ದರು. 1982ರ ದೆಹಲಿ ಏಷ್ಯಾಡ್‌ನಲ್ಲಿ ರಘುಬೀರ್ ಸಿಂಗ್ ಚಿನ್ನ ಗೆದ್ದ ಮೇಲೆ ಕುದುರೆ ಸವಾರಿಯಲ್ಲಿ ಭಾರತಕ್ಕೆ ಒಂಟಿ ಪದಕ ಬರಲು 36 ವರ್ಷ ಹಿಡಿಯಿತು! ಟೋಕಿಯೋದಲ್ಲಿ ಫವಾದ್ ತಮ್ಮ 'ಮೆಡಿಕಾಟ್' ಕುದುರೆಯೊಂದಿಗೆ ಕೊನೆಯ ಸುತ್ತು ಮುಟ್ಟಿ 23ನೆಯವರಾದರು.

ಹಾಗಾದರೆ ಚಿನ್ನ ಯಾರಿಗೆ? ಜರ್ಮನಿಯ ಯೂಲಿಯಾ ಕ್ರಾಯೆವ್ಸ್ಕಿ ಎಂಬ ಹೆಣ್ಣುಮಗಳಿಗೆ! ಇವೆಂಟಿಂಗ್‌ನಲ್ಲಿ ಒಂಟಿ ಚಿನ್ನ ಗೆದ್ದ ಮೊದಲ ಮಹಿಳೆ ಆಕೆ. ಅವಳು ಏರಿದ್ದೂ ಹೆಣ್ಣು ಕುದುರೆಯನ್ನೇ. ಇಲ್ಲಿ ಹೆಂಗಸರ ಪಂದ್ಯ, ಗಂಡಸರ ಪಂದ್ಯ ಎಂದು ಬೇರೆ ಬೇರೆ ಇಲ್ಲ. ಒಂದೇ ದಾರಿ, ಒಂದೇ ಗೋಲು, ಒಂದೇ ಲೆಕ್ಕ.

ನಮ್ಮ ಮನೆಗಳಿಗೆ ಕುದುರೆ ಬರಲಿಕ್ಕಿಲ್ಲ ಬಿಡಿ. ಆದರೆ ಮಗಳು ಒಂದು ದಿನ, "ಅವ್ವಾ, ನಾನೂ ಸೈಕಲ್ ಹೊಡೀತೀನಿ" ಎಂದು ಬಂದೇ ಬರುತ್ತಾಳೆ. "ಬಿದ್ದೀಯವ್ವಾ" ಎಂದು ಬಾಯಿಗೆ ಬರುವುದು ಸಹಜ. ಆ ಮಾತು ನುಂಗಿಕೊಳ್ಳಿರಿ. ಬ್ರೇಕ್ ಸರಿ ಇದೆಯೇ ನೋಡಿ, ಹ್ಯಾಂಡಲ್ ಅವಳ ಕೈಗೇ ಕೊಡಿ.